ಉಂಬಳ, ಕಾಗೆ, ನಾನು: ‘ಅನಿಮಲ್’ ಅಂದರೆ ಯಾರ್ಯಾರು?

ಜುಲೈ ತಿಂಗಳು, ತೀರ್ಥಹಳ್ಳಿ ಕಡೆಯ ಮಳೆ. ತಂಗಿ ಮಗಳು ಪುಟ್ಟಿ ಶಾಲೆಯಿಂದ ಬಂದವಳೇ ಜಗಲಿ ಮೇಲೆ ಕೂತು ಕಾಲು ಚಾಚಿದಳು. ಹೆಬ್ಬೆರಳ ಸಂದಿಯಲ್ಲಿ ಒಂದು ಉಂಬಳ. ಹೀರಿ ಹೀರಿ ಸಣ್ಣ ನೇರಳೆ ಹಣ್ಣಿನಷ್ಟಾಗಿತ್ತು. ಸುಣ್ಣದ ಡಬ್ಬಿ ತಂದು ಒಂಚೂರು ಹಚ್ಚಿದೆ. ಅದು ಮುದುಡಿಕೊಂಡು ಕೆಳಗೆ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ, ಸಣ್ಣಗೆ ಹರಿಯುತ್ತಲೇ ಇತ್ತು. ಪುಟ್ಟಿಗೆ ಅದರ ಕಡೆ ಗಮನವೇ ಇಲ್ಲ. ಬಿದ್ದ ಉಂಬಳವನ್ನೇ ನೋಡುತ್ತಾ, “ದೊಡ್ಡಮ್ಮಾ, ಇದು ಅನಿಮಲ್ ಅಲ್ವಂತೆ” ಅಂದಳು. ದನಿಯಲ್ಲಿ ಅಳು ಇತ್ತು.

ಚೀಲದಿಂದ ಟೆಸ್ಟ್ ಪೇಪರ್ ತೆಗೆದು ಕೊಟ್ಟಳು. ಮೂರನೇ ಕ್ಲಾಸಿನ ಇಂಗ್ಲಿಷ್ ಟೆಸ್ಟು. ಮೂರು ಅನಿಮಲ್‌ಗಳ ಹೆಸರು ಬರೆಯಿರಿ ಅಂತ ಪ್ರಶ್ನೆ. ಇವಳು ಬರೆದದ್ದು ಲೀಚ್, ಕ್ರೋ, ಮೀ. ಅಂದರೆ ಉಂಬಳ, ಕಾಗೆ, ನಾನು. ಮೂರಕ್ಕೂ ಕೆಂಪು ಶಾಯಿಯ ತಪ್ಪು ಗುರುತು. ಪಕ್ಕದಲ್ಲಿ ಟೀಚರ್ ಸರಿಯುತ್ತರ ಬರೆದಿದ್ದರು: ಕೌ, ಡಾಗ್, ಟೈಗರ್.

ನನಗೆ ಹೊಟ್ಟೆ ಚುರ್ ಅಂದಿತು. ಮೂರು ಅಂಕ ಹೋಯಿತು ಅಂತ ಅಲ್ಲ. ಮಗು ಯೋಚನೆ ಮಾಡಿ ಬರೆದಿತ್ತು. ಒಂದು ಲೆಕ್ಕದಲ್ಲಿ ನೋಡಿದರೆ ಅವಳ ಉತ್ತರ ಮೂರೂ ಸರಿ. ಇನ್ನೊಂದು ಲೆಕ್ಕದಲ್ಲಿ ಎರಡು ಸರಿ, ಒಂದು ತಪ್ಪು. ಟೀಚರ್ ಮನಸ್ಸಿನಲ್ಲಿದ್ದ ಲೆಕ್ಕದಲ್ಲಿ ಮೂರೂ ತಪ್ಪು. ಪದ ಒಂದೇ, ಲೆಕ್ಕ ಮೂರು. ಇದನ್ನು ಯಾರೂ ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ. ನಾವು ಓದುವಾಗ ನಮಗೂ ಯಾರೂ ಹೇಳಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅನಿಮಲ್ ಅನ್ನುವ ಪದ ಎಲ್ಲಿ ಕಂಡರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಇದನ್ನು ಯಾರಿಂದ ಬೇರೆ ಮಾಡುತ್ತಿದ್ದಾರೆ? ಗಿಡಮರದಿಂದ ಬೇರೆ ಮಾಡುತ್ತಿದ್ದರೆ ಉಂಬಳ, ಕಾಗೆ, ಪುಟ್ಟಿ ಮೂವರೂ ಒಳಗೆ. ಮನುಷ್ಯನಿಂದ ಬೇರೆ ಮಾಡುತ್ತಿದ್ದರೆ ಪುಟ್ಟಿ ಹೊರಗೆ, ಉಂಬಳ, ಕಾಗೆ ಒಳಗೆ. ಹಕ್ಕಿ, ಮೀನು, ಹುಳ ಇವುಗಳಿಂದ ಬೇರೆ ಮಾಡುತ್ತಿದ್ದರೆ ಉಳಿಯುವುದು ನಾಲ್ಕು ಕಾಲಿನ, ಮೈತುಂಬ ಕೂದಲಿರುವ, ಹಾಲೂಡಿಸುವವು ಮಾತ್ರ. ಹಸು, ನಾಯಿ, ಹುಲಿ.

ಇದು ಇಂಗ್ಲಿಷಿಗೆ ಮಾತ್ರ ಇರುವ ಚಾಳಿ ಅಲ್ಲ. ನಮ್ಮ ‘ಊಟ’ವನ್ನೇ ನೋಡಿ. “ತಿಂಡಿ ಆಯ್ತು, ಊಟ ಇನ್ನೂ ಆಗಿಲ್ಲ” ಅಂದಾಗ ಊಟ ಅಂದರೆ ಅನ್ನ ಸಾರು. “ಆ ಮನೆಯಲ್ಲಿ ಊಟಕ್ಕೇ ಕಷ್ಟ” ಅಂದಾಗ ಊಟ ಅಂದರೆ ತಿನ್ನುವ ಎಲ್ಲವೂ, ತಿಂಡಿಯೂ ಸೇರಿ. ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು ಅಲ್ವಾ. ಇಂಗ್ಲಿಷ್ ಹಾಗಲ್ಲ, ಪುಸ್ತಕದಿಂದ ಬಂದದ್ದು, ಹಾಗಾಗಿ ಎಡವುತ್ತೇವೆ.

ಇನ್ನು ಪದದ ಒಳಗೇನಿದೆ ನೋಡೋಣ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಅನಿಮಲ್ ಲ್ಯಾಟಿನ್ನಿನಿಂದ ಬಂದದ್ದು. ಅದರೊಳಗಿರುವುದು ‘ಅನಿಮಾ’. ಅನಿಮಾ ಅಂದರೆ ಉಸಿರು, ಜೀವ. ಉಸಿರಿರುವುದು ಅನಿಮಲ್. ಈಗ ನಮ್ಮ ‘ಪ್ರಾಣಿ’ಗೆ ಬನ್ನಿ. ಪ್ರಾಣ ಅಂದರೂ ಉಸಿರು. ಪ್ರಾಣ ಇರುವುದು ಪ್ರಾಣಿ. ಅರ್ಥ ಹೊಂದಿಕೆಯಾಯಿತು ಅಷ್ಟೇ ಅಂದುಕೊಳ್ಳಬೇಡಿ, ಎರಡರ ಬೇರೂ ಒಂದೇ. ಸಂಸ್ಕೃತದಲ್ಲಿ ‘ಅನ್’ ಅಂತ ಒಂದು ಧಾತು ಇದೆ, ಉಸಿರಾಡು ಅಂತ ಅದರ ಅರ್ಥ. ಅದಕ್ಕೆ ‘ಪ್ರ’ ಸೇರಿ ಪ್ರಾಣ ಆಯಿತು. ನಮ್ಮಜ್ಜ ಊಟಕ್ಕೆ ಕೂತಾಗ ಎಲೆಯ ಸುತ್ತ ನೀರು ಬಿಟ್ಟು, ಪ್ರಾಣಾಯ ಸ್ವಾಹಾ, ಅಪಾನಾಯ ಸ್ವಾಹಾ, ವ್ಯಾನಾಯ, ಉದಾನಾಯ, ಸಮಾನಾಯ ಅಂತ ಒಂದೊಂದೇ ಅಗುಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆ ಐದು ಹೆಸರಿನಲ್ಲೂ ಇದೇ ‘ಅನ’ ಕೂತಿದೆ. ಗಾಳಿಗೆ ‘ಅನಿಲ’ ಅನ್ನುವುದೂ ಇದೇ ಬೇರಿನಿಂದ. ಅಂದರೆ ಅಡುಗೆಮನೆಯಲ್ಲಿರುವ ಅಡುಗೆ ಅನಿಲದ ಸಿಲಿಂಡರಿಗೂ, ಪುಟ್ಟಿಯ ಟೆಸ್ಟ್ ಪೇಪರಿನ ಅನಿಮಲ್‌ಗೂ ಹೆಸರಿನ ಲೆಕ್ಕದಲ್ಲಿ ನೆಂಟಸ್ತನ. ಗ್ರೀಕರು ಗಾಳಿಗೆ ‘ಅನೆಮೋಸ್’ ಅಂದರು. ಗಾಳಿಯ ವೇಗ ಅಳೆಯುವ ಅನೆಮೋಮೀಟರ್ ಅಲ್ಲಿಂದ ಬಂತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಭಾಷಾ ಕುಟುಂಬದವು. ಕನ್ನಡ ದ್ರಾವಿಡ ಕುಟುಂಬದ್ದು, ಆದರೂ ಪ್ರಾಣಿ ಅನ್ನುವ ಪದವನ್ನು ಸಂಸ್ಕೃತದಿಂದ ತಂದುಕೊಂಡು ಎಷ್ಟೋ ಕಾಲವಾಯಿತು, ಈಗ ಅದು ನಮ್ಮದೇ.

ಟಿವಿಯಲ್ಲಿ ಮಕ್ಕಳು ನೋಡುವ ‘ಅನಿಮೇಷನ್’ ಕೂಡ ಇದೇ ಅನಿಮಾದಿಂದ ಬಂದದ್ದು. ಸುಮ್ನೆ ಇದ್ದ ಚಿತ್ರಕ್ಕೆ ಉಸಿರು ತುಂಬುವುದು. ಚೌತಿಯ ದಿನ ಮಣ್ಣಿನ ಗಣಪತಿಗೆ ಭಟ್ಟರು ಪ್ರಾಣಪ್ರತಿಷ್ಠೆ ಮಾಡುತ್ತಾರಲ್ಲ, ಪದದ ಒಳಗಿನ ಭಾವ ಅದೇ.

ಸರಿ, ಉಸಿರಾಡುವುದೆಲ್ಲ ಅನಿಮಲ್ ಅಂದಮೇಲೆ ಉಂಬಳ ಏನು ತಪ್ಪು ಮಾಡಿತು?

ಏನೂ ಮಾಡಿಲ್ಲ. ಉಂಬಳಕ್ಕೆ ಶ್ವಾಸಕೋಶ ಇಲ್ಲ, ಚರ್ಮದಿಂದಲೇ ಉಸಿರಾಡುತ್ತದೆ. ಅದಕ್ಕೇ ಅದಕ್ಕೆ ಮೈ ಒದ್ದೆಯಾಗಿರಬೇಕು, ಅದಕ್ಕೇ ಮಳೆಗಾಲದಲ್ಲಿ ತೋಟದ ತರಗೆಲೆ ತುಂಬ ಅದೇ. ಎರೆಹುಳದ ಹತ್ತಿರದ ಸಂಬಂಧಿ. ಎರೆಹುಳದ ಹಾಗೇ ಮೈಯೆಲ್ಲ ಉಂಗುರ ಉಂಗುರ. ಎರಡು ತುದಿಯಲ್ಲೂ ಹೀರುಬಟ್ಟಲು. ಒಂದನ್ನು ಊರಿ, ಮೈ ಬಿಲ್ಲಿನ ಹಾಗೆ ಬಗ್ಗಿಸಿ, ಇನ್ನೊಂದನ್ನು ಮುಂದೆ ಊರುತ್ತದೆ, ಗೇಣು ಹಾಕಿ ಅಳತೆ ಮಾಡುವವರ ಹಾಗೆ. ಕಚ್ಚಿದ ಮೇಲೂ ರಕ್ತ ನಿಲ್ಲದಿರುವುದಕ್ಕೆ ಕಾರಣ ಅದರ ಜೊಲ್ಲು. ಅದರಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ಪದಾರ್ಥ ಇದೆ.

ಜೀವಶಾಸ್ತ್ರದವರು ಅನಿಮಲ್ ಅನ್ನಲು ಕಾಲು ಎಷ್ಟು ಅಂತ ಎಣಿಸುವುದಿಲ್ಲ. ಒಂದಲ್ಲ, ಹಲವು ಜೀವಕೋಶಗಳಿಂದ ಆದ ದೇಹ ಇರಬೇಕು. ಗಿಡದ ಹಾಗೆ ಬಿಸಿಲಿನಲ್ಲಿ ತಾನೇ ಅನ್ನ ಬೇಯಿಸಿಕೊಳ್ಳಲು ಬರಬಾರದು, ಇನ್ನೊಂದನ್ನು ತಿಂದೇ ಬದುಕಬೇಕು. ಗಿಡದ ಜೀವಕೋಶಕ್ಕೆ ಗಟ್ಟಿ ಗೋಡೆ ಇರುತ್ತದೆ, ಇದಕ್ಕೆ ಇರಬಾರದು. ಇಷ್ಟಿದ್ದರೆ ಆಯಿತು. ಈ ಲೆಕ್ಕದಲ್ಲಿ ಕಡಲ ತಳದಲ್ಲಿ ಕೂತಲ್ಲೇ ಕೂತಿರುವ ಸ್ಪಂಜು ಅನಿಮಲ್. ಉಂಗುರಕ್ಕೆ ಕೂರಿಸುವ ಹವಳ ಇದೆಯಲ್ಲ, ಅದನ್ನು ಕಟ್ಟಿದ್ದೂ ಅನಿಮಲ್. ಬೆನ್ನುಮೂಳೆ ಇರುವ ನಮ್ಮಂಥವರು ಈ ಗುಂಪಿನಲ್ಲಿ ಕಡಿಮೆ ಜನ. ವಿಜ್ಞಾನಿಗಳು ಹೆಸರಿಟ್ಟಿರುವ ಕೀಟಗಳೇ 10 ಲಕ್ಷ ಬಗೆ. ‘ಅನಿಮಲ್ ಅಂದರೆ ಹಸು, ನಾಯಿ, ಹುಲಿ’ ಅನ್ನುವುದು ಶಿವಮೊಗ್ಗ ಜಿಲ್ಲೆ ಅಂದರೆ ಗಾಂಧಿ ಬಜಾರ್ ಅಷ್ಟೇ ಅಂದ ಹಾಗೆ.

ಇದು ಬರೀ ಪದದ ಜಗಳ ಅಂತ ಅನಿಸಬಹುದು. ನಮ್ಮ ಮಲೆನಾಡಿನಲ್ಲಿ ಹಾಗಲ್ಲ. ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಈ ವೈರಸ್ ಗೊತ್ತಾಯಿತು. ಅದಕ್ಕೇ ಜಗತ್ತಿಗೆಲ್ಲ ಅದು ಕ್ಯಾಸನೂರು ಕಾಡಿನ ಕಾಯಿಲೆ. ಪ್ರಾಣಿಯಿಂದ ಬರುವ ಕಾಯಿಲೆ ಅಂತ ಹೇಳಿದ ಕೂಡಲೇ ನಮ್ಮ ಕಣ್ಣು ಹೋಗುವುದು ಮಂಗದ ಕಡೆ, ಮುಸ್ಯನ ಕಡೆ. ಆದರೆ ಮಂಗ ಬಂದು ನಮ್ಮನ್ನು ಕಚ್ಚಿ ಕಾಯಿಲೆ ಕೊಡುವುದಿಲ್ಲ. ಕಚ್ಚುವುದು ಉಣುಗು. ಅದರಲ್ಲೂ ಜಾಸ್ತಿ ಕಚ್ಚುವುದು ಇನ್ನೂ ಪೂರ್ತಿ ಬೆಳೆಯದ ಮರಿ ಉಣುಗು, ಸಾಸಿವೆಗಿಂತ ಸಣ್ಣದು, ದರಗು ಗುಡಿಸಲು ಹೋದವರ ಕಾಲಿಗೆ ಹತ್ತಿದ್ದೇ ಗೊತ್ತಾಗುವುದಿಲ್ಲ. ಉಣುಗು ಕೀಟವೂ ಅಲ್ಲ, ಬೆಳೆದ ಮೇಲೆ ಎಂಟು ಕಾಲು, ಜೇಡ ಮತ್ತು ಚೇಳಿನ ಬಳಗ. ಅನಿಮಲ್ ಅಂದರೆ ದೊಡ್ಡದು, ಕಣ್ಣಿಗೆ ಕಾಣುವುದು ಅಂತ ಮಗುವಿನ ತಲೆಯಲ್ಲಿ ಕೂತರೆ, ಮುಂದೆ ಆ ಮಗು ಮರದ ಮೇಲೆ ನೋಡುತ್ತದೆ, ಕಾಲ ಬುಡದಲ್ಲಿ ನೋಡುವುದಿಲ್ಲ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಇಂಥ ಕಾಯಿಲೆಗಳಿಗೆ ಡಾಕ್ಟರುಗಳು ‘ಝೂನೋಸಿಸ್’ ಅನ್ನುತ್ತಾರೆ, ಪ್ರಾಣಿಯಿಂದ ಮನುಷ್ಯನಿಗೆ ದಾಟುವ ಕಾಯಿಲೆ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯಲ್ಲಿ ಅಲ್ಲಿನ ಪ್ರಾಣಿ ಅಂದರೆ ಬೆನ್ನುಮೂಳೆ ಇರುವ ಪ್ರಾಣಿ. ಉಣುಗು, ಸೊಳ್ಳೆ ಇವಕ್ಕೆಲ್ಲ ಬೇರೆ ಹೆಸರು, ವಾಹಕ. ನೋಡಿ, ವೈದ್ಯರ ಬಾಯಿಗೆ ಬಂದ ಕೂಡಲೇ ಅದೇ ಪದದ ಬೇಲಿ ಮತ್ತೆ ಸರಿಯಿತು.

ಈಗ ಕಾಗೆ.

ಮರುದಿನ ಟೀಚರಿಗೆ ಫೋನ್ ಮಾಡಿದೆ. ಜಗಳಕ್ಕಲ್ಲ, ಕೇಳೋಣ ಅಂತ. ಪಾಪ, ಸಮಾಧಾನದಿಂದ ಕೇಳಿಸಿಕೊಂಡರು. “ಪಾಠದ ಹೆಸರೇ ಅನಿಮಲ್ಸ್ ಅಂಡ್ ಬರ್ಡ್ಸ್ ಅಂತ ಇದೆ ಮೇಡಂ. ಕಾಗೆ ಬರ್ಡ್ಸ್ ಕಡೆ ಬರುತ್ತೆ. ಅದನ್ನ ಅನಿಮಲ್ ಅಂತ ಸರಿ ಕೊಟ್ರೆ ಪಾಠ ಕಲಿತ ಹಾಗಾಗಲ್ಲ ಅಲ್ವಾ” ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ನಾವೂ ಪ್ರಾಣಿ ಪಕ್ಷಿ ಅಂತಲೇ ಜೋಡಿ ಮಾಡಿ ಹೇಳುತ್ತೇವೆ. ತ್ಯಾವರೆಕೊಪ್ಪಕ್ಕೆ ಹುಲಿ ಸಿಂಹ ನೋಡಲು ಹೋದರೆ ಪ್ರಾಣಿ ನೋಡಿ ಬಂದೆವು ಅನ್ನುತ್ತೇವೆ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರದ ತುಂಬ ಬೆಳ್ಳಕ್ಕಿ ಕೂತದ್ದನ್ನು ನೋಡಿ ಬಂದವರು ಯಾರೂ ಪ್ರಾಣಿ ನೋಡಿ ಬಂದೆ ಅನ್ನುವುದಿಲ್ಲ. ಇಂಗ್ಲಿಷರ ಮನೆಮಾತಿನಲ್ಲೂ ಹೀಗೇ. ಅನಿಮಲ್ ಅಂದ ಕೂಡಲೇ ಅವರ ಕಣ್ಣಮುಂದೆ ಬರುವುದೂ ನಾಲ್ಕು ಕಾಲಿನದ್ದೇ. ಹಾಗಾಗಿ ಇದನ್ನು ತಪ್ಪು ಇಂಗ್ಲಿಷ್ ಅನ್ನಲಾಗದು. ಮನೆಯ ಅರ್ಥ ಬೇರೆ, ವಿಜ್ಞಾನದ ಅರ್ಥ ಬೇರೆ. ತಪ್ಪು ಎಲ್ಲಿ ಅಂದರೆ, ಪ್ರಶ್ನೆಯಲ್ಲಿ ಯಾವ ಅರ್ಥ ಅಂತ ಹೇಳದೆ, ಇನ್ನೊಂದು ಅರ್ಥದಲ್ಲಿ ಬರೆದ ಮಗುವಿಗೆ ಕೆಂಪು ಗೆರೆ ಎಳೆದದ್ದರಲ್ಲಿ.

ಗ್ರೀಕರ ಹಳೆಯ ಪದ ‘ಝೋಆನ್’ ಈ ವಿಷಯದಲ್ಲಿ ಪುಟ್ಟಿಯ ಕಡೆ. ಅದರಿಂದಲೇ ಝೂ, ಝುವಾಲಜಿ ಬಂದದ್ದು. ರಾಶಿಚಕ್ರಕ್ಕೆ ಇಂಗ್ಲಿಷಿನಲ್ಲಿ ‘ಝೋಡಿಯಾಕ್’ ಅನ್ನುತ್ತಾರಲ್ಲ, ಅದೂ ಅಲ್ಲಿಂದಲೇ. ಪ್ರಾಣಿಗಳ ಚಿತ್ರಗಳ ಚಕ್ರ ಅಂತ ಅದರ ಅರ್ಥ. ಆ ಚಕ್ರದಲ್ಲಿ ಯಾರಿದ್ದಾರೆ? ಮೇಷ, ವೃಷಭ, ಸಿಂಹ ಇದ್ದಾವೆ. ಜೊತೆಗೆ ಕರ್ಕಾಟಕ ಅಂದರೆ ಏಡಿ, ವೃಶ್ಚಿಕ ಅಂದರೆ ಚೇಳು, ಮೀನ ಅಂತೂ ಮೀನೇ. ಕನ್ಯೆಯೂ ಇದ್ದಾಳೆ, ಮಿಥುನವೂ ಇದೆ. ಏಡಿ, ಚೇಳು, ಹುಡುಗಿ ಎಲ್ಲ ಒಂದೇ ಪಂಕ್ತಿಯಲ್ಲಿ.

ಮತ್ತೆ ಈ ಬೇಲಿ ಹಿಗ್ಗುವುದು, ಕುಗ್ಗುವುದು ಪದಗಳ ಲೋಕದಲ್ಲಿ ನಡೆಯುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಅನಿಮಲ್ ಹಳೆಯ ಪದವೇ ಅಲ್ಲ. 1600ಕ್ಕಿಂತ ಮೊದಲು ಅದರ ಬಳಕೆ ತೀರಾ ಕಡಿಮೆ. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ ಅನುವಾದದಲ್ಲಿ ಈ ಪದವೇ ಇಲ್ಲ, ಅಲ್ಲಿರುವುದು ‘ಬೀಸ್ಟ್’. ಅದು ಫ್ರೆಂಚಿನಿಂದ ಬಂದದ್ದು. ಅದಕ್ಕೂ ಮೊದಲು ಇಂಗ್ಲಿಷರ ಸ್ವಂತದ ಪದ ‘ಡೇಆರ್’. ಕಾಡಿನಲ್ಲಿ ಓಡಾಡುವ ಎಲ್ಲ ಪ್ರಾಣಿಗೂ ಅದೇ ಹೆಸರು. ಆಮೇಲೆ ಬೀಸ್ಟ್ ಬಂತು, ಅನಿಮಲ್ ಬಂತು, ಹಳೆಯ ಪದಕ್ಕೆ ಜಾಗ ಕಡಿಮೆಯಾಗುತ್ತಾ ಬಂತು. ಕೊನೆಗೆ ಒಂದೇ ಪ್ರಾಣಿಗೆ ಅಂಟಿಕೊಂಡು ‘ಡಿಯರ್’ ಆಯಿತು. ಜಿಂಕೆ. ಜರ್ಮನ್ ಭಾಷೆಯಲ್ಲಿ ಅದರ ಒಡಹುಟ್ಟು ‘ಟೀರ್’ ಇವತ್ತಿಗೂ ಎಲ್ಲ ಪ್ರಾಣಿಗೂ ಸಲ್ಲುತ್ತದೆ.

ನಮ್ಮಲ್ಲಿ ‘ಮೃಗ’ ಇದೇ ದಾರಿ ನಡೆದಿದೆ! ಸಂಸ್ಕೃತದಲ್ಲಿ ಮೊದಲು ಮೃಗ ಅಂದರೆ ಕಾಡುಪ್ರಾಣಿ, ಯಾವುದಾದರೂ ಸರಿ. ಕೊಂಬೆಯ ಮೇಲಿರುವ ಮಂಗ ಶಾಖಾಮೃಗ. ಆಮೇಲೆ ಅದೇ ಪದ ಜಿಂಕೆಗೆ ಅಂಟಿತು. ಹಿಂದಿಯವರಿಗೆ ಮೃಗ ಅಂದರೆ ಜಿಂಕೆ. ಮಲೆಯಾಳದವರಿಗೆ ಮೃಗಂ ಅಂದರೆ ಪ್ರಾಣಿ. ಕನ್ನಡ ಎರಡನ್ನೂ ಇಟ್ಟುಕೊಂಡಿದೆ. ಮೃಗಾಲಯದಲ್ಲಿ ಎಲ್ಲವೂ ಇರುತ್ತವೆ, ಮೃಗಶಿರ ನಕ್ಷತ್ರದಲ್ಲಿ ಜಿಂಕೆಯ ತಲೆ ಮಾತ್ರ. ಹಿಂದೆ ಬೇಟೆಗೆ ಹೋಗುತ್ತಿದ್ದವರ ಬಾಯಲ್ಲಿ ಅದು ‘ಮಿಕ’ ಆಗಿ, ಹೊಡೆಯಲು ಸಿಗುವ ಪ್ರಾಣಿ ಅಂತಷ್ಟೇ ಉಳಿಯಿತು.

ಹುಳದ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರು ಹೇಳುವುದಿಲ್ಲ. “ಹಟ್ಟಿ ಹತ್ರ ಹುಳ ಇದೆ, ಬ್ಯಾಟರಿ ತಗೊಂಡು ಹೋಗು” ಅಂತ ಅಮ್ಮ ಅಂದರೆ ಅದು ಎರೆಹುಳ ಅಲ್ಲ ಅಂತ ಎಲ್ಲರಿಗೂ ಗೊತ್ತು. ಕಚ್ಚಿತು ಅಂತಲೂ ಅನ್ನುವುದಿಲ್ಲ, ಹುಳ ಮುಟ್ಟಿತು ಅನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ವುರ್ಮ್’ ಅಂದರೆ ಹಾವು, ಹೆಡೆಯೆತ್ತಿದ ದೊಡ್ಡ ಸರ್ಪ, ಬೆಂಕಿಯುಗುಳುವ ಡ್ರ್ಯಾಗನ್ ಕೂಡ. ಅದೇ ಸವೆದು ಸವೆದು ಇವತ್ತು ‘ವರ್ಮ್’, ಬರೀ ಹುಳ.

‘ಜಂತು’ ಅಂದರೆ ಹುಟ್ಟಿದ್ದು, ಅಂದರೆ ಎಲ್ಲ ಜೀವಿಯೂ. ಈಗ ಆ ಪದ ಕೇಳಿದರೆ ಮಕ್ಕಳ ಹೊಟ್ಟೆಯ ಜಂತುಹುಳ ಮತ್ತು ಅದರ ಮಾತ್ರೆ ನೆನಪಾಗುತ್ತದೆ. ‘ಜಾನುವಾರು’ ಪರ್ಷಿಯನ್ನಿನ ‘ಜಾನ್’ನಿಂದ ಬಂತು. ಜಾನ್ ಅಂದರೆ ಜೀವ. ಶಿವಮೊಗ್ಗದಲ್ಲಿ ಉರ್ದು ಮಾತಾಡುವವರನ್ನು ಕೇಳಿ ನೋಡಿ, ಅವರಿಗೆ ಜಾನ್ವರ್ ಅಂದರೆ ಸಿಂಹವೂ ಹೌದು, ನಾಯಿಯೂ ಹೌದು. ಕನ್ನಡಕ್ಕೆ ಬಂದು ಅದು ದನ, ಎಮ್ಮೆ, ಆಡು, ಕುರಿ ಇಷ್ಟಕ್ಕೇ ನಿಂತಿತು. ‘ದನ’ ಅನ್ನುವುದು ‘ಧನ’ದ ತದ್ಭವ, ಹಸು ಎತ್ತೇ ಆಸ್ತಿಯಾಗಿದ್ದ ಕಾಲದ ಪದ. ಇಂಗ್ಲಿಷಿನ ‘ಕ್ಯಾಟಲ್’ ಕೂಡ ಹಾಗೇ, ಬಂಡವಾಳ ಅನ್ನುವ ಅರ್ಥದ ‘ಕ್ಯಾಪಿಟಲ್’ನ ಬೇರಿನಿಂದ ಬಂದದ್ದು. ಎರಡು ಬೇರೆ ಬೇರೆ ಊರಿನ ಜನ, ಒಬ್ಬರನ್ನೊಬ್ಬರು ಕೇಳದೆ, ಹಸುವನ್ನು ಒಂದೇ ಥರ ನೋಡಿದ್ದಾರೆ.

ಬೇಲಿ ಕುಗ್ಗುವುದಷ್ಟೇ ಅಲ್ಲ, ಹಿಗ್ಗುವುದೂ ಇದೆ. ನಾಯಿಗೆ ಇಂಜೆಕ್ಷನ್ ಹಾಕಿಸಬೇಕಾದರೆ ನಾವು ಹೋಗುವುದು ದನದ ಆಸ್ಪತ್ರೆಗೆ. ಕೋಳಿಗೆ ರೋಗ ಬಂದರೆ ಕೇಳುವುದು ದನದ ಡಾಕ್ಟರನ್ನೇ.

ಇನ್ನು ಮೂರನೆಯ ಉತ್ತರ. ‘ಮೀ’. ನಾನು.

ಇದಕ್ಕೆ ಟೀಚರ್ ಎರಡು ಸಲ ಗೆರೆ ಎಳೆದಿದ್ದರು. ಬಹುಶಃ ತಮಾಷೆ ಮಾಡಿದ್ದಾಳೆ ಅಂದುಕೊಂಡರೋ ಏನೋ. ಪುಟ್ಟಿ ತಮಾಷೆ ಮಾಡಿರಲಿಲ್ಲ. “ನಾನೂ ಉಸಿರಾಡ್ತೀನಿ, ಊಟ ಮಾಡ್ತೀನಿ, ಓಡಾಡ್ತೀನಿ, ಗಿಡ ಅಂತೂ ಅಲ್ಲ. ಮತ್ತೆ ಇನ್ನೇನು?” ಇದು ಅವಳ ವಾದ. 1735ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಕೂಡ ಹೆಚ್ಚುಕಡಿಮೆ ಇದೇ ಮಾಡಿದ್ದು. ಜಗತ್ತಿನ ಗಿಡ, ಕಲ್ಲು, ಪ್ರಾಣಿಗಳನ್ನೆಲ್ಲ ವಿಂಗಡಿಸಿ ಪಟ್ಟಿ ಮಾಡಲು ಕೂತಾಗ ಮನುಷ್ಯನನ್ನು ಪ್ರಾಣಿಗಳ ಸಾಲಿಗೇ, ವಾನರಗಳ ಪಕ್ಕಕ್ಕೇ ಹಾಕಿದ. 1758ರಲ್ಲಿ ಬಂದ ಅದೇ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ನಮಗೆ ‘ಹೋಮೋ ಸೇಪಿಯನ್ಸ್’ ಅಂತ ಹೆಸರಿಟ್ಟ. ಪ್ರಾಣಿಗಳಿಗೆ ವೈಜ್ಞಾನಿಕ ಹೆಸರು ಇಡುವ ಪದ್ಧತಿ ಇವತ್ತಿಗೂ ಶುರುವಾಗುವುದು ಆ ಆವೃತ್ತಿಯಿಂದ. ತಿಮಿಂಗಿಲವನ್ನು ಮೀನಿನ ಗುಂಪಿನಿಂದ ತೆಗೆದು ಹಾಲೂಡಿಸುವವುಗಳ ಗುಂಪಿಗೆ ಸೇರಿಸಿದ್ದೂ ಅದರಲ್ಲೇ.

ಆದರೆ ವಿಜ್ಞಾನಿಗಳೂ ಮಾತಾಡುವಾಗ ಮನೆಯ ಅರ್ಥವನ್ನು ಬಿಡುವುದಿಲ್ಲ. ಮನುಷ್ಯನಿಗೂ ಉಳಿದ ಪ್ರಾಣಿಗಳಿಗೂ ಮೂಲ ಒಂದೇ ಅಂತ ಜಗತ್ತಿಗೆ ಒಪ್ಪಿಸಿದ ಡಾರ್ವಿನ್ 1872ರಲ್ಲಿ ಭಾವನೆಗಳ ಬಗ್ಗೆ ಬರೆದ ಪುಸ್ತಕದ ಹೆಸರಿನಲ್ಲಿ ‘ಮನುಷ್ಯ ಮತ್ತು ಪ್ರಾಣಿಗಳಲ್ಲಿ’ ಅಂತಲೇ ಇದೆ. ಮನುಷ್ಯ ಬೇರೆ, ಪ್ರಾಣಿ ಬೇರೆ ಅನ್ನುವ ಹಾಗೆ! ಹೀಗೆ ಆಗದಿರಲಿ ಅಂತ ಈಗ ಕೆಲವರು ‘ಅದರ್ ಅನಿಮಲ್ಸ್’ ಅಂತ ಬರೆಯುತ್ತಾರೆ. ಮನುಷ್ಯರು ಮತ್ತು ಇತರ ಪ್ರಾಣಿಗಳು. ‘ಇತರ’ ಅನ್ನುವ ಒಂದು ಪದ ಸೇರಿಸಿದರೆ ನಾವೂ ಒಳಗೆ ಬಂದೆವು. ನನಗೆ ಈ ರೂಢಿ ಇಷ್ಟ.

ಕಾನೂನಿನ ಲೆಕ್ಕ ಬೇರೆ. ಪ್ರಾಣಿಗಳಿಗೆ ಹಿಂಸೆ ಮಾಡುವುದನ್ನು ತಡೆಯುವ 1960ರ ಕಾಯ್ದೆ ಅನಿಮಲ್ ಅಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ ಅನ್ನುತ್ತದೆ. ಹಳೆಯ ದಂಡ ಸಂಹಿತೆಯಲ್ಲೂ ಹೀಗೇ ಇತ್ತು, 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ಇಲ್ಲಿ ಪುಟ್ಟಿಗೆ ಮೂರಕ್ಕೆ ಎರಡು. 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ. ಸಸ್ತನಿ, ಹಕ್ಕಿ, ಸರೀಸೃಪ, ಕಪ್ಪೆಯ ಬಳಗ, ಮೀನು, ಬೆನ್ನುಮೂಳೆ ಇಲ್ಲದವು, ಮತ್ತೆ ಇವುಗಳ ಮರಿ ಹಾಗೂ ಮೊಟ್ಟೆ, ಎಲ್ಲ ಅನಿಮಲ್. ಆಗುಂಬೆ ಕಾಡಿನಲ್ಲಿ ಕಾಳಿಂಗ ಸರ್ಪ ತರಗೆಲೆ ಒಟ್ಟುಮಾಡಿ ಗೂಡು ಕಟ್ಟಿ ಅದರೊಳಗೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಇನ್ನೂ ಉಸಿರೆಳೆದು ಹೊರಗೆ ಬಂದಿಲ್ಲ, ಹರಿದಾಡಿಲ್ಲ. ಆದರೂ ಕಾನೂನಿನ ಕಣ್ಣಿನಲ್ಲಿ ಅದು ಆಗಲೇ ಅನಿಮಲ್. ಅದನ್ನು ಎತ್ತಿಕೊಂಡು ಹೋದವನು ‘ಬರೀ ಮೊಟ್ಟೆ ಸ್ವಾಮಿ’ ಅಂತ ಹೇಳಿ ತಪ್ಪಿಸಿಕೊಳ್ಳಲು ಆಗದಿರಲಿ ಅಂತ ಹೀಗೆ ಬರೆದಿದ್ದಾರೆ. ಅಮೆರಿಕದಲ್ಲಿ ಉಲ್ಟಾ ಆಗಿದೆ. ಅಲ್ಲಿನ ಪ್ರಾಣಿ ಕಲ್ಯಾಣ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಪ್ರಯೋಗಾಲಯಕ್ಕೆಂದೇ ಬೆಳೆಸಿದ ಇಲಿ, ಹೆಗ್ಗಣ, ಹಕ್ಕಿ ಅನಿಮಲ್ ಅಲ್ಲವೇ ಅಲ್ಲ. ಪದದ ಬೇಲಿಯನ್ನು ಒಂದು ಗೇಣು ಒಳಕ್ಕೆ ಸರಿಸಿದರು, ಲೆಕ್ಕವಿಲ್ಲದಷ್ಟು ಜೀವಗಳು ಕಾಯ್ದೆಯ ರಕ್ಷಣೆಯಿಂದ ಹೊರಗುಳಿದವು. ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಇನ್ನು ಬೈಗುಳ. ಮನುಷ್ಯನನ್ನು ಅನಿಮಲ್ ಅಂದರೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕ್ರೂರಿ ಅಂತ ಅರ್ಥ. ನಾವೂ ಮೃಗದ ಥರ ಆಡಿದ ಅನ್ನುತ್ತೇವೆ. ಆದರೆ ದನ ಅಂತ ಬೈದರೆ ಅದು ಕ್ರೌರ್ಯ ಅಲ್ಲ, ಬುದ್ಧಿ ಇಲ್ಲ ಅಂತ. ಹಾಗಾಗಿ ಕಥೆ ಅನುವಾದ ಮಾಡುವವರು ಇಲ್ಲಿ ಎಚ್ಚರದಿಂದ ಇರಬೇಕು. ‘ಪಾರ್ಟಿ ಅನಿಮಲ್’ ಅಂದರೆ ಬೈಗುಳವೇ ಅಲ್ಲ, ಮೋಜಿನ ಕೂಟ ಅಂದರೆ ಪ್ರಾಣ ಬಿಡುವವನು ಅಂತ. ‘ಪೊಲಿಟಿಕಲ್ ಅನಿಮಲ್’ ಅನ್ನುವುದು ಅರಿಸ್ಟಾಟಲ್‌ನಷ್ಟು ಹಳೆಯದು. ಮನುಷ್ಯ ಒಂಟಿಯಾಗಿ ಬಾಳುವ ಪ್ರಾಣಿ ಅಲ್ಲ, ಊರು ಕಟ್ಟಿಕೊಂಡು ಬಾಳುವ ಪ್ರಾಣಿ ಅಂತ ಅವನು ಹೇಳಿದ್ದು. ಈಗ ಅದೇ ಮಾತು ರಾಜಕೀಯ ಮೈಗೂಡಿದವನು ಅನ್ನುವ ಅರ್ಥಕ್ಕೆ ಬಂದಿದೆ. ಪೇಪರಿನಲ್ಲಿ ಷೇರುಪೇಟೆ ಸುದ್ದಿಯಲ್ಲಿ ‘ಅನಿಮಲ್ ಸ್ಪಿರಿಟ್ಸ್’ ಅಂತ ಬರುತ್ತದೆ. 1936ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಬಳಸಿದ ಮೇಲೆ ಹೆಸರುವಾಸಿಯಾದ ಮಾತು. ಅದನ್ನು ಪಾಶವೀ ಪ್ರವೃತ್ತಿ ಅಂತ ಕನ್ನಡಕ್ಕೆ ತರಬಾರದು. ಹಳೆಯ ವೈದ್ಯರು ನರಗಳಲ್ಲಿ ಹರಿಯುವ ಜೀವಚೈತನ್ಯಕ್ಕೆ ಆ ಹೆಸರು ಹೇಳುತ್ತಿದ್ದರು, ಅಲ್ಲಿರುವುದು ಪಶು ಅಲ್ಲ, ಅನಿಮಾ. ಲೆಕ್ಕಾಚಾರ ಮೀರಿ, ಕೈ ಹಾಕೇ ಬಿಡೋಣ ಅಂತ ಮನುಷ್ಯನಿಗೆ ಬರುತ್ತದಲ್ಲ ಹುರುಪು, ಅದು.

ಇದನ್ನೆಲ್ಲ ಪುಟ್ಟಿಗೆ ಅವಳ ಭಾಷೆಯಲ್ಲಿ ಹೇಳಿ ಮುಗಿಸುವ ಹೊತ್ತಿಗೆ ಅಡುಗೆಮನೆಯಿಂದ ಅಣಬೆ ಸಾರಿನ ವಾಸನೆ ಬಂತು. ತೋಟದ ಹುತ್ತದ ಮೇಲೆ ಎದ್ದ ಅಣಬೆ, ವರ್ಷಕ್ಕೆ ಒಂದೆರಡು ವಾರ ಸಿಗುವುದು. “ಹಾಗಾದ್ರೆ ಅಣಬೆ?” ಅಂದಳು. ಅಣಬೆ ಅನಿಮಲ್ ಅಲ್ಲ. ಆದರೆ ಗಿಡವೂ ಅಲ್ಲ. ಅದಕ್ಕೆ ಬೇರೆಯದೇ ಸಾಮ್ರಾಜ್ಯ. ಬಿಸಿಲಿನಲ್ಲಿ ಅನ್ನ ಮಾಡಿಕೊಳ್ಳಲು ಅದಕ್ಕೂ ಬರುವುದಿಲ್ಲ. ಅದರ ಜೀವಕೋಶದ ಗೋಡೆಯಲ್ಲಿರುವ ಕೈಟಿನ್ ಅನ್ನುವ ಪದಾರ್ಥವೇ ಜೀರುಂಡೆಯ ಚಿಪ್ಪಿನಲ್ಲಿ, ಏಡಿಯ ಚಿಪ್ಪಿನಲ್ಲಿ ಇರುವುದು. ವಂಶಾವಳಿ ಬಿಡಿಸಿ ನೋಡಿದರೆ ಅಣಬೆ ಗಿಡಕ್ಕಿಂತ ನಮಗೇ ಹತ್ತಿರದ ನೆಂಟ. ಪುಟ್ಟಿ ಅವತ್ತು ಎರಡು ಸಲ ಸಾರು ಹಾಕಿಸಿಕೊಂಡಳು.

ಊಟ ಆದಮೇಲೆ ಹೋಮ್‌ವರ್ಕ್. ‘ನಮ್ಮ ಮನೆಯ ಹಸು’ ಅಂತ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಬೇಕಿತ್ತು. ನಮ್ಮದು ಮಲೆನಾಡು ಗಿಡ್ಡ, ಹೆಸರು ಗೌರಿ. ಎರಡನೇ ಸಾಲಿನಲ್ಲೇ ಪೆನ್ಸಿಲ್ ನಿಂತಿತು. ‘ಇಟ್’ ಬರೆಯಬೇಕಾ, ‘ಶೀ’ ಬರೆಯಬೇಕಾ? ಕನ್ನಡದಲ್ಲೂ ಈ ಎಳೆದಾಟ ಇದೆ. ವ್ಯಾಕರಣದ ಪ್ರಕಾರ ಹಸು ಬಂತು, ಹೋಯಿತು. ಆದರೆ ಸಂಜೆ ಗದ್ದೆಬದಿಯಿಂದ ಗಂಟೆ ಸದ್ದು ಕೇಳಿದರೆ ಅಮ್ಮ ಹೇಳುವುದು “ಗೌರಿ ಬಂದ್ಲು, ಬಾಗ್ಲು ತೆಗಿ” ಅಂತ. ಇಂಗ್ಲಿಷ್ ಪತ್ರಿಕೆಯವರಿಗೂ ಇದಕ್ಕೆ ನಿಯಮ ಇದೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಬರವಣಿಗೆ ಕೈಪಿಡಿಯ ಪ್ರಕಾರ, ಪ್ರಾಣಿಗೆ ಹೆಸರಿದ್ದರೆ, ಇಲ್ಲವೇ ಅದು ಗಂಡೋ ಹೆಣ್ಣೋ ಗೊತ್ತಿದ್ದರೆ ‘ಹೀ’, ‘ಶೀ’ ಬರೆಯಬಹುದು. ಎರಡೂ ಇಲ್ಲದಿದ್ದರೆ ‘ಇಟ್’. ಗೌರಿಗೆ ಹೆಸರಿದೆ. ಪುಟ್ಟಿ ‘ಶೀ’ ಅಂತ ಬರೆದಳು.

ಆಮೇಲೆ ಪುಸ್ತಕ ಮುಚ್ಚಿ, ಕಾಲಿನ ಗಾಯದ ಮೇಲೆ ಹಚ್ಚಿದ್ದ ಅರಿಶಿನವನ್ನು ಸ್ವಲ್ಪ ಹೊತ್ತು ಕೆರೆಯುತ್ತಾ ಕೂತಳು.

“ಉಂಬಳಕ್ಕೂ ಒಂದು ಹೆಸರಿಟ್ರೆ?”

“ಇಡಬಹುದು.”

“ಆಗ ಅದು ಹೀ ಆಗುತ್ತಾ, ಶೀ ಆಗುತ್ತಾ? ಗಂಡಾ, ಹೆಣ್ಣಾ ಅದು?”

“ಎರಡೂ” ಅಂದೆ. ಉಂಬಳದಲ್ಲಿ ಗಂಡು ಬೇರೆ, ಹೆಣ್ಣು ಬೇರೆ ಇರುವುದಿಲ್ಲ. ಒಂದೊಂದರಲ್ಲೂ ಎರಡೂ ಇರುತ್ತದೆ.